ಸೆರಗಿನ ಮೇಲಿನ ಹೆಂಗಸರು

ಗಂಜಿ ಬಿಡದ ಹೊಸ ಸೀರೆಯ ವಾಸನೆ ಎಲ್ಲಿ ಬಂದರೂ ನಾಂಪಲ್ಲಿ ಸ್ಟೇಷನ್ನಿನ ಹಿಂದಿನ ನಮ್ಮ ಎರಡು ಕೋಣೆಯ ಮನೆ ಕಣ್ಣೆದುರು ನಿಲ್ಲುತ್ತದೆ. ಆ ಮನೆ ಈಗಿಲ್ಲ. ಅಲ್ಲಿ ಲಾಡ್ಜ್ ಎದ್ದಿದೆ. ಕಿಟಕಿಯ ಬೆಳಕಿನಲ್ಲಿ, ಮಡಿಲ ತುಂಬ ಸೀರೆ ಹರವಿಕೊಂಡು ಅವ್ವ ಕಸೂತಿ ಹಾಕುತ್ತಿದ್ದಳು. ಬಟ್ಟೆಯ ಮೇಲೆ ಗೆರೆ ಬರೆಯುವಂತಿಲ್ಲ, ದಾರಕ್ಕೆ ಗಂಟು ಹಾಕುವಂತಿಲ್ಲ. ಎಳೆ ಎಣಿಸುತ್ತ ಹೋಗಬೇಕು, ಎರಡೂ ಬದಿ ಒಂದೇ ಥರ ಕಾಣಬೇಕು. ಧಾರವಾಡದ ಅಜ್ಜಿ ಕಲಿಸಿದ ಆ ಕ್ರಮವನ್ನು ಅವ್ವ ಎಂದೂ ಮುರಿಯಲಿಲ್ಲ. ನಿಮ್ಮ ಮನೆಯಲ್ಲೂ ಇಂಥ ಕೈಗಳಿದ್ದಿರಬಹುದು.

ನನಗೆ ಹತ್ತು ವರ್ಷವಿದ್ದಾಗ ಅವ್ವ ಊರಿನ ಆಚೆ ತುದಿಯ ಗಚ್ಚಿಬೌಲಿಗೆ ಹೋಗಿದ್ದಳು. ಕಟ್ಟಡ ಕೆಲಸಕ್ಕೆ ಬಂದಿದ್ದ ನಮ್ಮ ಕಡೆಯ ಹೆಂಗಸರನ್ನು ನೋಡಿ ಬಂದವಳೇ, ಹಿಮಾಯತ್‌ನಗರದ ಅಂಗಡಿಯ ಮದುವೆ ಸೀರೆಯೊಂದರ ಸೆರಗಿನಲ್ಲಿ, ಬುಟ್ಟಿ ಹೊತ್ತು ಏಣಿ ಹತ್ತುವವರ ಸಾಲನ್ನೇ ಹಾಕಿದಳು. ಅಂಥದ್ದನ್ನು ಯಾರೂ ಹಾಕಿರಲಿಲ್ಲ. ಒಯ್ದು ತೋರಿಸಿದಾಗ ಅಂಗಡಿಯ ಒಡತಿ ಸರೋಜಕ್ಕ ಸೆರಗನ್ನು ತಿರುವಿ ತಿರುವಿ ನೋಡಿ ನಕ್ಕರು.

"ವೈನಿ, ಮದುಮಗಳ ಹೆಗಲ ಮ್ಯಾಲ ಇಟ್ಟಂಗಿ ಹೊರೋರನ್ನ ಏರಸ್ತೀರಿ? ಎಲ್ಲಾರೂ ನವಿಲ ಕೇಳಾಕತ್ತಾರ. ಜಲ್ದಿ ನವಿಲ ಹಾಕ್ಕೊಡ್ರಿ."

"ನವಿಲ ಎಲ್ಲಾರ ಕೈಯಾಗೂ ಬರತಾವರಿ ಅಕ್ಕಾರ. ಇವರು ನನ್ನ ಕೈಯಾಗಷ್ಟ ಅದಾರ."

"ಇರಲಿ ಬಿಡ್ರಿ. ಸೀರಿ ಮಾತ್ರ ನಂದು."

ಮನೆಗೆ ಬಂದು ಅವ್ವ ಸೀರೆಯನ್ನು ಮುಟ್ಟದೆ ಕುಳಿತಳು. ಅದು ಮುಗಿದರೆ ನನ್ನನ್ನು ನಾಂಪಲ್ಲಿಯ ಜನವರಿ ಎಕ್ಸಿಬಿಷನ್ನಿಗೆ ಕರೆದೊಯ್ಯುತ್ತೇನೆ ಎಂದಿದ್ದಳು. "ನಾ ಬಿಚ್ಚತೀನಿ ಅವ್ವಾ" ಎಂದು ನಾನೇ ಸೂಜಿ ತಗೊಂಡೆ. ಗಂಟಿಲ್ಲದ ದಾರ ಸರಸರನೆ ಬಂತು. ಬುಟ್ಟಿ ಹೋಯಿತು, ತಲೆ ಹೋಯಿತು, ಕಾಲು ಹೋದವು. ನನಗದು ಆಟವಾಗಿತ್ತು. "ಮೊದಲ ಅಕ್ಕಾರದು ಮುಗೀಲಿ, ಆಮ್ಯಾಲ ನಂದು" ಎಂದಳು ಅವ್ವ.

ಆಮೇಲೆ ಎನ್ನುವುದು ಬರಲೇ ಇಲ್ಲ. ವರ್ಷಗಟ್ಟಲೆ ನವಿಲು ಹಾಕಿದಳು. ಕೊನೆಗೆ ಮಷಿನ್ನುಗಳು ಅದೇ ನವಿಲನ್ನು ಗಂಟೆಯೊಳಗೆ ಹಾಕತೊಡಗಿದವು, ಸರೋಜಕ್ಕ ಕರೆಯುವುದನ್ನು ಬಿಟ್ಟರು. ಹೋದ ವರ್ಷ, ನನ್ನ ಮನೆಯಲ್ಲಿ, ಕಣ್ಣು ಮಸುಕಾದ ಅವ್ವ ಒಂದು ಬಿಳಿ ಬಟ್ಟೆ ಹಿಡಿದು ಆ ಹೆಂಗಸರನ್ನು ಹುಡುಕತೊಡಗಿದಳು. ಕಾಲು ಬಂದವು, ಮೈ ಬಂತು, ತಲೆ ಬಂತು.

"ಬುಟ್ಟಿಗೆ ಎಷ್ಟ ಎಳಿ ಇದ್ದೂ?"

ನನಗೆ ಗೊತ್ತಿರಲಿಲ್ಲ. ಆಕೆಯ ಮುಖ ನೋಡಲಾರದೆ ಏಳು ಎಂದೆ. ಏಳು ಎಣಿಸಿ ಹಾಕಿದಳು. ಬುಟ್ಟಿ ತಲೆಯ ಮೇಲೆ ಕೂರದೆ ಪಕ್ಕಕ್ಕೆ ಜಾರಿತು. ಬಿಚ್ಚಿದಳು, ಮತ್ತೆ ಹಾಕಿದಳು, ಮತ್ತೆ ಬಿಚ್ಚಿದಳು.

"ನೀನ ಬಿಚ್ಚಿದಾಕಿ. ನಿನಗ ನೆನಪಿರಬೇಕಲ್ಲ?"

ಸಿಟ್ಟಿನಿಂದಲ್ಲ, ನಿಜವಾಗಿಯೂ ಕೇಳಿದಳು. ಆ ತಿಂಗಳಲ್ಲೇ ಹೋಗಿಬಿಟ್ಟಳು.

ಆ ಬಟ್ಟೆ ನನ್ನಲ್ಲಿದೆ. ಹೆಂಗಸರು ಬರಿದಲೆಯಲ್ಲಿ ಸಾಲಾಗಿ ನಿಂತಿದ್ದಾರೆ. ಒಬ್ಬೊಬ್ಬರ ತಲೆಯ ಮೇಲೂ ಸೂಜಿ ಎದ್ದು ಇಳಿದ ಸಣ್ಣ ತೂತುಗಳಿವೆ. ಬೆಳಕಿಗೆ ಹಿಡಿದು ತೂತುಗಳ ನಡುವಿನ ಎಳೆ ಎಣಿಸುತ್ತೇನೆ. ಎಷ್ಟು ಸಲ ಎಣಿಸಿದರೂ ಅವು ನಾನು ಹೇಳಿದ ಏಳೇ.