ಹನ್ನಾ ಯಾರ ಮನೆಯ ಮಗಳು?

ಎಲ್ಲರೂ ಕಣ್ಣು ಮುಚ್ಚಿ ಮೌನವಾಗಿ ಕುಳಿತಿದ್ದಾಗ ನಮ್ಮ ಪಕ್ಕದ ಮನೆಯ ಡೊರಥಿ ಆಂಟಿ ದಿಢೀರನೆ ಎದ್ದು ನಿಂತರು. ಅದು ಸಿಡ್ನಿಯಲ್ಲಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಭಾನುವಾರದ ಪ್ರಾರ್ಥನೆ. ಅಲ್ಲಿ ಪಾದ್ರಿಯಿಲ್ಲ, ಹಾಡಿಲ್ಲ. ದೇವರ ಪ್ರೇರಣೆಯಾದವರು ಎದ್ದು ಮಾತಾಡಬಹುದು, ಅಷ್ಟೆ. ಆಂಟಿಯನ್ನು ಕಾರಿನಲ್ಲಿ ಕರೆತಂದಿದ್ದ ನಾನೂ ನನ್ನ ಹೆಂಡತಿಯೂ ಪಕ್ಕದಲ್ಲೇ ಕೂತಿದ್ದೆವು.

"ಹಾಬರ್ಟ್‌ನಲ್ಲಿ ಬೇಕರಿ ನಡೆಸುತ್ತಿದ್ದ ನನ್ನ ಮುತ್ತಜ್ಜಿ ಹನ್ನಾಳ ತವರಿನ ಅಡ್ಡಹೆಸರು 'ವುಡ್' ಆಗಿತ್ತೋ, 'ಹುಡ್' ಆಗಿತ್ತೋ? ಇಲ್ಲಿ ಯಾರಿಗಾದರೂ ಗೊತ್ತಾ? ನನಗೆ ವಯಸ್ಸಾಯಿತು, ಇನ್ನು ಕಾಯೋಕಾಗಲ್ಲ," ಎಂದರು ಆಂಟಿ.

"ರೀ, ಇದನ್ನೂ ದೇವರೇ ಕೇಳಿಸಿದ್ದಾ?" ಎಂದು ಹೆಂಡತಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. ನಾನು ನಗು ತಡೆಯಲು ತುಟಿ ಕಚ್ಚಿಕೊಂಡೆ.

ಆಗ ಹಿಂದಿನ ಸಾಲಿನಿಂದ ಆಂಟಿಗಿಂತ ತುಸು ಚಿಕ್ಕವರಂತಿದ್ದ ಮುದುಕರೊಬ್ಬರು ನಿಧಾನವಾಗಿ ಎದ್ದರು. ಮಗಳನ್ನು ನೋಡಲು ಮೆಲ್ಬರ್ನ್‌ನಿಂದ ಬಂದಿದ್ದವರಂತೆ.

"ಆ ಬೇಕರಿ ಹನ್ನಾ ನನಗೂ ಮುತ್ತಜ್ಜಿ. ಆದರೆ ನಮ್ಮ ಮನೆಯಲ್ಲಿ ಎಲ್ಲರೂ ಅವಳ ತವರಿನ ಹೆಸರು 'ಗುಡ್' ಅಂತಾರೆ!"

ಇಡೀ ಕೋಣೆ ನಕ್ಕಿತು. ತಮ್ಮ ಕಡೆಯವರು ಯಾರೂ ಉಳಿದಿಲ್ಲ ಎನ್ನುತ್ತಿದ್ದ ಆಂಟಿ ಮಾತ್ರ ನಗಲಿಲ್ಲ. ಹೋಗಿ ಆ ಮುದುಕರ ಎರಡೂ ಕೈ ಹಿಡಿದು ಅತ್ತರು. ಟೀ ಬರುವಷ್ಟರಲ್ಲಿ ಆಂಟಿ 'ವುಡ್' ಎಂದೂ ಅವರು 'ಗುಡ್' ಎಂದೂ ಜೋರಾಗಿ ವಾದಕ್ಕಿಳಿದಿದ್ದರು.

ಹನ್ನಾಳ ತವರಿನ ಹೆಸರು ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಈಗ ಪ್ರತಿ ಭಾನುವಾರ ಮೆಲ್ಬರ್ನ್‌ನಿಂದ ಆಂಟಿಗೆ ಫೋನ್ ಬರುತ್ತದೆ, ಬೇಲಿಯಾಚೆಯಿಂದ "ವುಡ್! ವುಡ್!" ಎಂಬ ಕೂಗು ನಮಗೆ ಕೇಳಿಸುತ್ತದೆ. ಜಗಳವಾಡಲು ಆಂಟಿಗೆ ಒಬ್ಬ ತಮ್ಮ ಸಿಕ್ಕಿದ್ದಾನೆ.