ಕೋಳಿ ಅತ್ತಿಗೆಯ ಇಪ್ಪತ್ತೆಂಟು ಮೊಟ್ಟೆ

ಬೆಳಗಿನ ಐದೂವರೆ. ಹಿತ್ತಲಿನ ಬಲ್ಬಿನ ಕೆಳಗೆ ಕುಕ್ಕರುಗಾಲಲ್ಲಿ ಕೂತು ಕೋಳಿ ಅತ್ತಿಗೆ ಗೂಡಿನ ಬಾಗಿಲಿನ ತಂತಿ ಬಿಚ್ಚುತ್ತಿದ್ದಾರೆ. ಒಳಗೆ ಆಗಲೇ ತಳ್ಳಾಟ ಶುರುವಾಗಿದೆ. ಬಾಗಿಲು ಅರ್ಧ ತೆರೆದು ಮೊಣಕಾಲು ಅಡ್ಡ ಇಡುತ್ತಾರೆ. ಒಂದು ಸಲಕ್ಕೆ ಒಂದೇ ಕೋಳಿ ಹೊರಬರಬೇಕು, ಇಲ್ಲದಿದ್ದರೆ ಎಣಿಕೆ ತಪ್ಪುತ್ತದೆ.

"ಸಾಲಾಗಿ ಬನ್ರೇ. ಎಲ್ಲೂ ಬೆಂಕಿ ಬಿದ್ದಿಲ್ಲ."

ಮೊದಲು ಹೊರಬರುವುದು ಸೂಪರ್‌ವೈಸರ್. ಕಂದು ಬಣ್ಣದ, ಕತ್ತು ಉದ್ದದ ಈ ಹೇಂಟೆ ತಾನೊಂದು ಕಾಳೂ ತಿನ್ನದೆ ಮಿಕ್ಕವರನ್ನೆಲ್ಲ ಕುಕ್ಕಿಕೊಂಡು ತಿರುಗುತ್ತದೆ. ಅದರ ಹಿಂದೆ ಗುಂಡಿ, ಕಾಲರ್, ಅರ್ಧತೋಳು. ಅತ್ತಿಗೆ ಒಂಬತ್ತು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಅಂಗಿಯ ಕಾಲರ್ ಹೊಲಿದವರು. ಕೋಳಿಗಳ ಹೆಸರೆಲ್ಲ ಅಲ್ಲಿಂದಲೇ ಬಂದಿವೆ.

ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು. ಗೂಡು ಖಾಲಿ. ಇರಬೇಕಾದದ್ದು ಮೂವತ್ತೊಂದು.

"ಗೈರುಹಾಜರಿ ಇಲ್ಲ ಅತ್ತೆ," ಎಂದು ಅವರು ಒಳಗೆ ಕೇಳುವಂತೆ ಹೇಳುತ್ತಾರೆ. ಗೈರುಹಾಜರಿ ಎಂಬುದು ಮೈತುಂಬ ಬೂದಿ ಚುಕ್ಕಿಯ ಒಂದು ಹೇಂಟೆಯ ಹೆಸರು. ನಿನ್ನೆ ಬೀದಿಯ ಮನೆಗಳಿಗೆ ಮೊಟ್ಟೆ ಕೊಟ್ಟು ಬರುವ ಹೊತ್ತಿಗೆ ಕತ್ತಲಾಗಿತ್ತು, ಎಣಿಸದೆ ಬಾಗಿಲು ಹಾಕಿದ್ದರು. ಈ ಮನೆಯಲ್ಲಿ ಎಣಿಸದೆ ಬಾಗಿಲು ಹಾಕುವುದು ಸಣ್ಣ ತಪ್ಪಲ್ಲ. ಅದರಲ್ಲೂ ಇವತ್ತಿನಂಥ ದಿನ.

ಇವತ್ತು ಏಳು ಗಂಟೆಗೆ ಮುಖ್ಯರಸ್ತೆಯ ಬೇಕರಿಗೆ ಮೂವತ್ತು ಮೊಟ್ಟೆ ಹೋಗಬೇಕು. ಮೂರು ತಿಂಗಳ ಹಿಂದೆ "ನಾಳೆಯಿಂದ ಬರಬೇಡಮ್ಮ" ಎಂದಿದ್ದ ಬೇಕರಿಯವರು ಮೊನ್ನೆ ತಾವಾಗಿಯೇ ಹೇಳಿ ಕಳಿಸಿದ್ದಾರೆ. ಒಂದು ಸಲ ನೋಡುತ್ತಾರಂತೆ. ಸರಿಬಂದರೆ ಮೊದಲಿನ ಹಾಗೆ ದಿನ ಬಿಟ್ಟು ದಿನ ಮೂವತ್ತು. ಸರಿಬಾರದಿದ್ದರೆ ಮುಂದೇನು ಎಂಬುದೂ ಗೊತ್ತಾಗಿದೆ. ಮಾಂಸದ ಅಂಗಡಿಯವನು ಕಳೆದ ವಾರ ಬಂದು ಹದಿನೈದು ಕೋಳಿಗಳ ಎದೆ ಹಿಸುಕಿ ನೋಡಿ, ಭಾನುವಾರ ಪಂಜರ ತರುತ್ತೇನೆಂದು ಹೋಗಿದ್ದಾನೆ.

"ಗುಂಡೀನೂ ಅದರಲ್ಲಿ ಇದ್ದಾಳೆ," ಎನ್ನುತ್ತಾರೆ ಅತ್ತಿಗೆ.

ಅವರಿಗೆ ಈಗ ನಲವತ್ತೊಂದು. ಮೊದಲು ಅತ್ತಿಗೆ ಎಂದು ಕರೆದದ್ದು ಎದುರುಮನೆಯ ಇಸ್ತ್ರಿಯವನು. ಈಗ ಅವರಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಾರೆ. ಗಂಡ ಸಿಮೆಂಟ್ ಲಾರಿಯ ಚಾಲಕ, ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಮಿಕ್ಕ ದಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅತ್ತೆ, ಸೊಸೆ, ಒಂದು ಹುಂಜ, ಮೂವತ್ತಾರು ಹೇಂಟೆ.

ಕೋಳಿ ಸಾಕಬೇಕೆಂಬ ಆಸೆಯೇನೂ ಅವರಿಗೆ ಇರಲಿಲ್ಲ. ಆರು ವರ್ಷದ ಹಿಂದೆ ಪಕ್ಕದ ಮನೆಯವರು ಮನೆ ಖಾಲಿ ಮಾಡುವಾಗ ಲಾರಿಗೆ ಎಲ್ಲ ಹತ್ತಿತು, ನಾಲ್ಕು ಕೋಳಿ ಹತ್ತಲಿಲ್ಲ. "ನೀವೇ ಇಟ್ಕೊಳ್ಳಿ" ಎಂದು ಕೊಟ್ಟು ಹೋದರು. ಅದೇ ತಿಂಗಳು ಕಾರ್ಖಾನೆಗೆ ಬೀಗ ಬಿತ್ತು. "ಒಂಬತ್ತು ವರ್ಷ ದುಡಿದಿದ್ದಕ್ಕೆ ಒಂದು ಸ್ಟೀಲ್ ಡಬ್ಬಿ ಕೊಟ್ರು. ಈ ನಾಲ್ಕು ಕೋಳಿ ಮಾರನೇ ದಿನಾನೇ ಮೂರು ಮೊಟ್ಟೆ ಕೊಟ್ವು. ಯಾರು ದೊಡ್ಡೋರು ನೀವೇ ಹೇಳಿ."

ನಾಲ್ಕು ಇಪ್ಪತ್ತಾಗುವುದಕ್ಕೆ ಎರಡು ವರ್ಷ ಹಿಡಿಯಿತು. ಇಪ್ಪತ್ತು ಒಂದಾಗುವುದಕ್ಕೆ ನಾಲ್ಕೇ ದಿನ. ರೋಗ ಬಂದು ಕತ್ತು ತಿರುಚಿಕೊಂಡು ಹತ್ತೊಂಬತ್ತು ಕೋಳಿ ಸತ್ತವು. ಗುಂಡಿ ತೋಡಿ ಸುಣ್ಣ ಹಾಕಿ ಹೂತರು. ಉಳಿದ ಒಂದೇ ಹೇಂಟೆಗೆ ಗುಂಡಿ ಎಂದು ಹೆಸರಿಟ್ಟದ್ದು ಅಂಗಿಯ ಗುಂಡಿಯಿಂದಲೋ ಆ ಗುಂಡಿಯಿಂದಲೋ ಎಂದು ಕೇಳಿದರೆ, "ಎರಡೂ" ಎನ್ನುತ್ತಾರೆ. ಅದಾದ ಮೇಲೆ ಪಶುವೈದ್ಯರ ಬಾಗಿಲಲ್ಲಿ ಮೂರು ದಿನ ನಿಂತು, ಕಣ್ಣಿಗೆ ಲಸಿಕೆಯ ಹನಿ ಹಾಕುವುದನ್ನು ಕಲಿತುಬಂದರು. ಇವತ್ತು ಸುತ್ತಿನ ನಾಲ್ಕು ಬೀದಿಯ ಕೋಳಿಗಳಿಗೂ ಅವರದೇ ಕೈಯ ಹನಿ.

ಅವರು ಆದಾಯವನ್ನು ದುಡ್ಡಿನಲ್ಲಿ ಹೇಳುವುದಿಲ್ಲ, ಮೊಟ್ಟೆಯಲ್ಲಿ ಹೇಳುತ್ತಾರೆ. "ಹತ್ತು ಮೊಟ್ಟೆ ಮಾರಿದ್ರೆ ಆರು ಮೊಟ್ಟೆ ದುಡ್ಡು ಕೋಳಿ ಹೊಟ್ಟೆಗೇ ವಾಪಸ್ಸು. ಅರ್ಧ ಮೊಟ್ಟೆ ಔಷಧಿಗೆ. ಅರ್ಧ, ಒಡೆದದ್ದು. ಮೂರು ನಂದು." ದಿನಕ್ಕೆ ನಾಲ್ಕು ಕಿಲೋ ಮೇವು ಬೇಕು. ಅದರಲ್ಲಿ ಒಂದು ಕಿಲೋ ಉಳಿಸುವುದಕ್ಕಾಗಿ ತರಕಾರಿ ಅಂಗಡಿಯ ಕಸದ ಸೊಪ್ಪು, ಗಿರಣಿಯ ನೆಲ ಗುಡಿಸಿದ ನುಚ್ಚು ಹೊತ್ತು ತರುತ್ತಾರೆ. ಬೀದಿಯ ಮನೆಗಳ ದುಡ್ಡು ದಿನಸಿಗೆ, ಬೇಕರಿಯದು ಮನೆ ಬಾಡಿಗೆಗೆ. ಮೂರು ತಿಂಗಳಿಂದ ಆ ಮೊಟ್ಟೆಗಳು ಸಗಟು ಅಂಗಡಿಗೆ ಹೋಗುತ್ತಿವೆ. ಅಲ್ಲಿ ಫಾರಂ ಮೊಟ್ಟೆಯ ದರವೇ ಇವಕ್ಕೂ. ಆ ದರದಲ್ಲಿ ಹತ್ತು ಮಾರಿದರೆ ಉಳಿಯುವುದು ಮೂರಲ್ಲ, ಸೊನ್ನೆ.

ಮಹಡಿಯ ಮೇಲೆ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಹುಂಜದ ಕೂಗಿನಿಂದ ನಿದ್ದೆ ಹಾಳು ಎಂದು ಮನೆಯ ಮಾಲೀಕರಿಗೆ ಎರಡು ಸಲ ಪತ್ರ ಬರೆದವರು. ಈಗ ವಾರಕ್ಕೆ ಎರಡು ಮೊಟ್ಟೆ ಪುಕ್ಕಟೆ ಹೋಗುತ್ತದೆ, ಪತ್ರ ನಿಂತಿದೆ. "ಮೊನ್ನೆ ಹುಂಜ ಅರ್ಧ ಗಂಟೆ ತಡವಾಗಿ ಕೂಗ್ತು. ಮೇಷ್ಟ್ರು ಮೆಟ್ಲಿಳಿದು ಬಂದು, ಏನಮ್ಮ ಹುಷಾರಿಲ್ವಾ ಅದಕ್ಕೆ, ಅಂತ ಕೇಳಿದ್ರು."

ಹಿತ್ತಲ ಬಾಗಿಲಲ್ಲಿ ಅತ್ತೆ ಬಂದು ನಿಲ್ಲುತ್ತಾರೆ. ಎಪ್ಪತ್ತಾರು ದಾಟಿದೆ. ಕಣ್ಣಿಗೆ ಬೆಳಕು ಕಾಣುತ್ತದೆ, ಆಕಾರ ಕಾಣುತ್ತದೆ, ಮುಖ ಕಾಣುವುದಿಲ್ಲ. ಶಸ್ತ್ರಚಿಕಿತ್ಸೆ ಮಾಡಿಸೋಣವೆಂದರೆ ಅವರ ಉತ್ತರ ಸಿದ್ಧವಾಗಿದೆ: "ಕಣ್ಣು ಬಂದ್ರೆ ನಿನ್ನ ಅಡುಗೆ ಕಣ್ಣಾರೆ ನೋಡಬೇಕಾಗುತ್ತೆ. ಬೇಡ ಬಿಡು."

ಮೂರು ತಿಂಗಳ ಹಿಂದಿನ ಆ ಬೆಳಗ್ಗೆ ನಡೆದದ್ದು ಇಷ್ಟು. ಅತ್ತೆ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಕೈಯಾಡಿಸಿದಾಗ ಒಂದು ಕಳ್ಳಗೂಡು ಸಿಕ್ಕಿತು. ಹನ್ನೊಂದು ಮೊಟ್ಟೆ. ಮುಟ್ಟಿ ನೋಡಿದರು, ಬೆಚ್ಚಗಿದ್ದವು. ಬೆಚ್ಚಗಿದ್ದರೆ ಈಗಷ್ಟೇ ಇಟ್ಟದ್ದು. ಕಣ್ಣು ಕಾಣದವರು ನಂಬುವುದು ಕೈಯನ್ನೇ ಅಲ್ಲವೇ? ಸೊಸೆಗೆ ಹನ್ನೊಂದು ಲಾಭವಾಯಿತೆಂದು ಹಿಗ್ಗಿ, ಒರೆಸಿ, ಬೇಕರಿಯ ಬುಟ್ಟಿಗೆ ಸೇರಿಸಿಟ್ಟರು. ಗೈರುಹಾಜರಿ ಎಂಟು ದಿನದಿಂದ ಹಗಲೆಲ್ಲ ಅವುಗಳ ಮೇಲೆ ಕಾವಿಗೆ ಕೂತು, ಆಗಷ್ಟೇ ನೀರು ಕುಡಿಯಲು ಎದ್ದಿತ್ತು. ಕೋಳಿ ಕೂತಿದ್ದರೆ ತಿಂಗಳ ಮೊಟ್ಟೆಯೂ ಬೆಚ್ಚಗೇ ಇರುತ್ತದೆ.

ಬೇಕರಿಯಲ್ಲಿ ದೊಡ್ಡ ಪಾತ್ರೆಯಲ್ಲಿ ಬೆಣ್ಣೆ, ಸಕ್ಕರೆ ಕಲಸಿಟ್ಟಿದ್ದರು. ಹತ್ತೊಂಬತ್ತು ಮೊಟ್ಟೆ ಸರಿಯಾಗಿಯೇ ಒಡೆದು ಬಿದ್ದವು. ಇಪ್ಪತ್ತನೆಯದರಿಂದ ರಕ್ತದ ಎಳೆಗಳೂ ಕಪ್ಪು ಕಣ್ಣಿನ ಒಂದು ಪಿಂಡವೂ ಬಿದ್ದವು. ಪಾತ್ರೆ ಪೂರ್ತಿ ಚರಂಡಿಗೆ ಹೋಯಿತು. ನಷ್ಟ ತುಂಬಿಕೊಡುತ್ತೇನೆಂದು ಅತ್ತಿಗೆ ಓಡಿದರು. ಬೇಕರಿಯವರು ದುಡ್ಡು ಮುಟ್ಟಲಿಲ್ಲ.

"ಬೈದಿದ್ರೆ ಚೆನ್ನಾಗಿತ್ತು. ಬೈಲಿಲ್ಲ. ಬರಬೇಡಮ್ಮ ಅಂದ್ರು, ಅಷ್ಟೇ."

ಯಾರ ಕೈಯ ತಪ್ಪೆಂದು ಬೇಕರಿಯವರು ಕೇಳಿದಾಗ ಅತ್ತಿಗೆ "ನಂದೇ" ಎಂದಿದ್ದರು. ಅದು ಅತ್ತೆಗೆ ಗೊತ್ತಾದದ್ದು ಇಸ್ತ್ರಿಯವನ ಬಾಯಿಂದ. ಆಮೇಲೆ ಒಂದು ತಿಂಗಳು ಅವರು ಬುಟ್ಟಿ ಇರುವ ಕೋಣೆಗೇ ಕಾಲಿಡಲಿಲ್ಲ.

ಈಗ ಪದ್ಧತಿ ಬದಲಾಗಿದೆ. ಹುಂಜ ಐದು ಹೇಂಟೆಗಳ ಜೊತೆ ಜಾಲರಿಯ ಆಚೆ ಬೇರೆ ಸಂಸಾರ ಹೂಡಿದೆ. ಅಲ್ಲಿನ ಮೊಟ್ಟೆ ಮರಿಗೆ ಮಾತ್ರ, ಮಾರಾಟಕ್ಕಲ್ಲ. ಮಿಕ್ಕ ಮೂವತ್ತೊಂದು ಹೇಂಟೆಗಳ ಮೊಟ್ಟೆ ಸಿಕ್ಕ ಕೂಡಲೇ ಅದರ ಮೇಲೆ ಪೆನ್ಸಿಲಿನಿಂದ ತಾರೀಕು ಬೀಳುತ್ತದೆ. ಪೆನ್ಸಿಲ್ ಸದಾ ಅತ್ತಿಗೆಯ ಕಿವಿಯ ಮೇಲೆ, ಕಾರ್ಖಾನೆಯಲ್ಲಿ ಸೀಮೆಸುಣ್ಣ ಇರುತ್ತಿದ್ದ ಜಾಗದಲ್ಲೇ. ತಾರೀಕಿಲ್ಲದ ಮೊಟ್ಟೆ ಮನೆ ಬಿಟ್ಟು ಹೋಗುವಂತಿಲ್ಲ. ಕಳ್ಳಗೂಡು ಹುಡುಕುವ ಕೆಲಸ ಅತ್ತೆಯದು. ಕೈಯಿಂದಲ್ಲ, ಕಿವಿಯಿಂದ.

"ಟೈರ್ ಕಡೆ ಕೇಳು," ಎನ್ನುತ್ತಾರೆ ಅತ್ತೆ ಈಗ, ತಲೆ ಓರೆ ಮಾಡಿ. "ಕೊರ್ ಕೊರ್ ಅಂತಿದೆ. ಅದು ಹೊಟ್ಟೆ ಹಸಿದ ಸದ್ದಲ್ಲ, ಕಾವಿನ ಸದ್ದು."

ಗೋಡೆಯ ಮೂಲೆಯಲ್ಲಿ ಲಾರಿಯ ಹಳೆಯ ಟೈರುಗಳಿವೆ. ಅತ್ತಿಗೆ ಮೇಲಿನದನ್ನು ಸರಿಸುತ್ತಾರೆ. ಗೈರುಹಾಜರಿ ಗರಿ ಕೆದರಿ ಮಹಾರಾಣಿಯಂತೆ ಕೂತಿದೆ. ಕೈ ಹಾಕಿದರೆ ಕುಕ್ಕುತ್ತದೆ. ಅದರಡಿ ಏಳು ಮೊಟ್ಟೆ. ಏಳೂ ಬೆಚ್ಚಗಿವೆ.

ಆರೂ ಕಾಲಿಗೆ ಅವರು ಅಡುಗೆಮನೆಯ ನೆಲದ ಮೇಲೆ ಬೇಕರಿಯ ಮೊಟ್ಟೆ ಜೋಡಿಸುತ್ತಾರೆ. ಎರಡು ದಿನಕ್ಕೆ ನಲವತ್ತು ಬರಬೇಕು. ಹತ್ತು ನಿನ್ನೆ ಬೀದಿಗೆ ಹೋಗಿವೆ. ಉಳಿಯಬೇಕಾದದ್ದು ಮೂವತ್ತು, ಇರುವುದು ಇಪ್ಪತ್ತೆಂಟು. ಮತ್ತೊಮ್ಮೆ ಎಣಿಸುತ್ತಾರೆ. ಇಪ್ಪತ್ತೆಂಟೇ. ಇವತ್ತಿನ ಮೊಟ್ಟೆಗಳು ಇನ್ನೂ ಕೋಳಿಗಳ ಹೊಟ್ಟೆಯಲ್ಲಿವೆ, ಎಂಟರ ಮುಂಚೆ ಒಂದೂ ಇಳಿಯುವುದಿಲ್ಲ. ಬೇಕರಿಯ ಪಾತ್ರೆ ಎಂಟರವರೆಗೆ ಕಾಯುವುದಿಲ್ಲ.

ಪಕ್ಕದ ಬಕೆಟ್ಟಿನ ನೀರಿಗೆ ಟೈರಿನ ಏಳು ಮೊಟ್ಟೆ ಇಳಿಬಿಡುತ್ತಾರೆ. ಎರಡು ತಲೆಯೆತ್ತಿ ನಿಲ್ಲುತ್ತವೆ, ಅವು ಹಳೆಯವು. ಐದು ತಳದಲ್ಲಿ ಅಡ್ಡ ಮಲಗುತ್ತವೆ. ಹುಂಜ ಆಚೆ ಹೋಗಿ ತಿಂಗಳುಗಳಾದವು, ಪಿಂಡದ ಭಯವೂ ಇಲ್ಲ. ಆ ಐದರಲ್ಲಿ ಎರಡನ್ನು ತೆಗೆದು ಸೆರಗಿನಲ್ಲಿ ಒರೆಸುತ್ತಾರೆ. ಚೆಂದದ ಮೊಟ್ಟೆಗಳು, ಬುಟ್ಟಿಯಲ್ಲಿರುವವಕ್ಕಿಂತ ದಪ್ಪ. ಕಿವಿಯಿಂದ ಪೆನ್ಸಿಲ್ ಕೈಗೆ ಬರುತ್ತದೆ. ಒಂದರ ಮೇಲೆ ನಿನ್ನೆಯ ತಾರೀಕಿನ ಮೊದಲ ಅಂಕಿ ಮೂಡುತ್ತದೆ.

"ಏನೇ ಬರೀತಿದ್ದೀಯ?" ಗೋಡೆಗೊರಗಿ ಕೂತಿರುವ ಅತ್ತೆ ಕೇಳುತ್ತಾರೆ. ಪೆನ್ಸಿಲ್ ಚಿಪ್ಪಿನ ಮೇಲೆ ಆಡಿದರೆ ಆಗುವ ಸದ್ದು ತೀರಾ ಸಣ್ಣದು.

ಅತ್ತಿಗೆಯ ಪೆನ್ಸಿಲ್ ಅಲ್ಲೇ ನಿಲ್ಲುತ್ತದೆ.

"ನಿನ್ನೆದೆಲ್ಲ ನಿನ್ನೇನೇ ಬರೆದಾಯ್ತಲ್ಲ?"

"ಎರಡು ಕಮ್ಮಿ ಇದೆ ಅತ್ತೆ."

"ಇರಲಿ."

"ಮೂವತ್ತು ಅಂತ ಹೇಳಿದ್ದಾರೆ. ಭಾನುವಾರ ಅವನು ಪಂಜರ ತರ್ತಾನೆ."

"ತರಲಿ," ಎನ್ನುತ್ತಾರೆ ಅತ್ತೆ. "ಬೆಚ್ಚಗಿದೆ ಅಂತ ನಂಬಿ ನಾನು ಕೆಟ್ಟೆ. ನನಗೆ ಕಣ್ಣಿರ್ಲಿಲ್ಲ. ನಿನಗಿದೆಯಲ್ಲೇ."

ಅತ್ತಿಗೆ ಹೆಬ್ಬೆರಳಿನಿಂದ ಆ ಅಂಕಿಯನ್ನು ಉಜ್ಜುತ್ತಾರೆ. ಪೂರ್ತಿ ಅಳಿಸುವುದಿಲ್ಲ, ಚಿಪ್ಪಿನ ಮೇಲೆ ಬೂದಿ ಕಲೆಯೊಂದು ಉಳಿಯುತ್ತದೆ. ಎರಡನ್ನೂ ಬಕೆಟ್ಟಿಗೆ ವಾಪಸ್ಸು ಹಾಕಿ, ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಏಳುತ್ತಾರೆ.

ಬೇಕರಿಯ ಹಿಂಬಾಗಿಲಿಗೆ ನಡೆದರೆ ಹನ್ನೆರಡು ನಿಮಿಷ. ಒಲೆಯ ಬಿಸಿ ಹೊಸ್ತಿಲಿಗೇ ಬಡಿಯುತ್ತದೆ. ಬೇಕರಿಯವರು ದಪ್ಪ ಮೈಯ, ಹುಬ್ಬಿಗೂ ಮೈದಾ ಮೆತ್ತಿಕೊಂಡ ಮನುಷ್ಯ. ಬುಟ್ಟಿಯತ್ತ ನೋಡಿದ ಕೂಡಲೇ ಅವರಿಗೆ ಗೊತ್ತಾಗುತ್ತದೆ.

"ಮೂವತ್ತು ಹೇಳಿದ್ನಲ್ಲಮ್ಮ."

"ಇಪ್ಪತ್ತೆಂಟಿದೆ ಅಣ್ಣ."

"ಮನೇಲಿ ಅಷ್ಟೊಂದು ಕೋಳಿ ಇಟ್ಕೊಂಡು ಎರಡು ಮೊಟ್ಟೆ ಹುಟ್ಟಲಿಲ್ವಾ?"

"ಮನೇಲಿ ಇನ್ನೂ ಏಳಿದೆ. ಯಾವತ್ತಿಂದು ಅಂತ ಗೊತ್ತಿಲ್ಲ. ತರಲಿಲ್ಲ."

ಬೇಕರಿಯವರು ಒಂದು ಮೊಟ್ಟೆ ಎತ್ತಿ, ಅದರ ಮೇಲಿನ ತಾರೀಕನ್ನು ಕಣ್ಣಿನ ಹತ್ತಿರ ಹಿಡಿದು ಓದುತ್ತಾರೆ. ದೊಡ್ಡ ಪಾತ್ರೆಯಲ್ಲಿ ಬೆಣ್ಣೆ, ಸಕ್ಕರೆ ಕಾಯುತ್ತಿವೆ. ಪಕ್ಕದಲ್ಲೊಂದು ಸಣ್ಣ ಸ್ಟೀಲ್ ಬಟ್ಟಲು. ಅವತ್ತಿನಿಂದ ಅವರು ಯಾರ ಮೊಟ್ಟೆಯನ್ನೂ ನೇರ ಪಾತ್ರೆಗೆ ಒಡೆದಿಲ್ಲ, ಅದು ಬೀದಿಗೆಲ್ಲ ಗೊತ್ತು. ಮೊದಲು ಬಟ್ಟಲಿಗೆ ಒಡೆದು, ನೋಡಿ, ಮೂಸಿ, ಆಮೇಲೆ ಪಾತ್ರೆಗೆ. ಮೂವತ್ತು ಮೊಟ್ಟೆಗೆ ಮೂವತ್ತು ಸಲ.

ಮೊದಲನೆಯದು ಬಟ್ಟಲಿಗೆ. ಮೂಸುತ್ತಾರೆ, ಪಾತ್ರೆಗೆ ಸುರಿಯುತ್ತಾರೆ. ಎರಡನೆಯದು. ಮೂರನೆಯದು. ಅತ್ತಿಗೆ ಖಾಲಿ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊಸ್ತಿಲಲ್ಲೇ ನಿಂತಿದ್ದಾರೆ. ಹಳದಿ ಒಂದೊಂದೂ ಗುಂಡಗೆ ಎದ್ದು ನಿಲ್ಲುತ್ತದೆ. ಒಂಬತ್ತು. ಹತ್ತು. ಹನ್ನೊಂದು.

ಹನ್ನೆರಡನೆಯದನ್ನು ಎತ್ತಿದ ಬೇಕರಿಯವರು ಬಟ್ಟಲನ್ನು ಮೊಣಕೈಯಿಂದ ಆಚೆ ತಳ್ಳುತ್ತಾರೆ. ಮೊಟ್ಟೆಯನ್ನು ಪಾತ್ರೆಯ ಅಂಚಿಗೇ ಹೊಡೆದು ನೇರ ಒಳಗೆ ಬಿಡುತ್ತಾರೆ. ಹದಿಮೂರನೆಯದೂ ಹಾಗೇ. ಹದಿನಾಲ್ಕನೆಯದಕ್ಕೆ ಅವರು ನೋಡುವುದನ್ನೂ ಬಿಟ್ಟಿದ್ದಾರೆ, ಒಲೆಯ ಕಡೆ ತಿರುಗಿ ಯಾರಿಗೋ ಏನೋ ಕೂಗಿ ಹೇಳುತ್ತಿದ್ದಾರೆ.

"ನಾಡಿದ್ದು ಮೂವತ್ತೆರಡು ತಗೊಂಬಾ," ಎನ್ನುತ್ತಾರೆ, ತಿರುಗದೆಯೇ. "ಇವತ್ತಿನ ಎರಡು ಬಾಕಿ ಇದೆ."

ಅತ್ತಿಗೆ ಮನೆ ಸೇರುವ ಹೊತ್ತಿಗೆ ಬಿಸಿಲು ಟೈರುಗಳ ಮೇಲೆ ಬಂದಿದೆ. ಗೈರುಹಾಜರಿ ಖಾಲಿ ಗೂಡಿನಲ್ಲಿ ಹಟ ಹಿಡಿದು ಕೂತಿದೆ. ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಸೊಪ್ಪು ಹರಿದು ಹಾಕುತ್ತಿದ್ದಾರೆ. ಸೊಸೆಯ ಹೆಜ್ಜೆ ಕೇಳಿ ಕತ್ತೆತ್ತುತ್ತಾರೆ.

"ಬಟ್ಟಲು ಇಟ್ಟಿದ್ನಾ?"

"ಇಟ್ಟಿದ್ರು."

"ಎಷ್ಟನೇದಕ್ಕೆ ಬಿಟ್ಟ?"

"ಹನ್ನೆರಡನೇದಕ್ಕೆ."

ಅತ್ತೆ ಒಂದು ಗಳಿಗೆ ಲೆಕ್ಕ ಹಾಕುತ್ತಾರೆ. "ಬೇಗಾಯ್ತು. ನಾನಾಗಿದ್ರೆ ಇಪ್ಪತ್ತೆಂಟೂ ಬಟ್ಟಲಲ್ಲೇ ಒಡೀತಿದ್ದೆ."

ಇನ್ನೇನು ಬೇಕು ಎಂದು ಕೇಳಿದರೆ ಕೋಳಿ ಅತ್ತಿಗೆಗೆ ಹೇಳಲು ಹೆಚ್ಚೇನೂ ಇಲ್ಲ. ಗೂಡಿಗೆ ಹೊಸ ಜಾಲರಿ ಹಾಕಿಸಬೇಕು. ಅತ್ತೆಯನ್ನು ಹೇಗಾದರೂ ಒಪ್ಪಿಸಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಭಾನುವಾರ ಪಂಜರ ತರುವವನಿಗೆ ಬರಬೇಡವೆಂದು ಇವತ್ತೇ ಹೇಳಿ ಕಳಿಸಬೇಕು. ಅಷ್ಟರಲ್ಲಿ ಗೂಡಿನಿಂದ ದಿನದ ಮೊದಲ ಕೇಕೆ ಕೇಳುತ್ತದೆ. ಅವರು ಮಾತು ಅಲ್ಲಿಗೇ ಬಿಟ್ಟು ಒಳಗೆ ಬಗ್ಗಿ ಮೊಟ್ಟೆ ತೆಗೆಯುತ್ತಾರೆ. ಒದ್ದೆ ಇನ್ನೂ ಆರಿಲ್ಲ. ಕಿವಿಯಿಂದ ಪೆನ್ಸಿಲ್ ತೆಗೆದು ಇವತ್ತಿನ ತಾರೀಕು ಬರೆಯುತ್ತಾರೆ.

"ಗುಂಡೀದು," ಎನ್ನುತ್ತಾರೆ ಅತ್ತೆಗೆ ಕೇಳುವಂತೆ.

"ಗೊತ್ತು," ಎನ್ನುತ್ತಾರೆ ಅತ್ತೆ.