ಗಾಜಿನ ಮೇಲೆ ಒಂದೇ ಎಳೆ

ನನಗೆ ಗೆರೆ ಎಳೆಯಲು ಬರುವುದಿಲ್ಲವೆಂದು ಅರವತ್ತೆರಡನೆಯ ವಯಸ್ಸಿನಲ್ಲಿ ಒಂದು ಮೊಬೈಲು ತೀರ್ಪು ಕೊಟ್ಟಿತು. ಬೀದರಿನ ತವರಿನಲ್ಲೂ, ಬ್ಯಾಂಕಿನ ಕೆಲಸದ ಗಂಡನ ಬೆನ್ನುಹತ್ತಿ ಬಂದ ಈ ನಾಶಿಕದಲ್ಲೂ ದಿನ ತಪ್ಪದೆ ಬಾಗಿಲಿಗೆ ರಂಗೋಲಿ ಹಾಕಿದವಳು ನಾನು. ಅವಮಾನ ಸಣ್ಣದೇನಲ್ಲ.

ಆದದ್ದಿಷ್ಟು. ಮಗಳು ರೇಣುಕಾ ವಾಳೂಜಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾಳೆ. ಸೋಮವಾರ ಪಕ್ಕದ ಸಂಭಾಜಿನಗರದಲ್ಲಿ ಅವಳ ಹೊಸ ಮನೆಯ ಪ್ರವೇಶ. ಮೊಣಕಾಲಿನ ಆಪರೇಷನ್ ಆದ ನಾನು ಹೋಗುವಂತಿಲ್ಲ. ನನ್ನ ತಾಯಿ ಹಾಕುತ್ತಿದ್ದ ರಂಗೋಲಿಯಾದರೂ ಅವಳ ಹೊಸಿಲ ಮುಂದೆ ಇರಲೇಬೇಕೆಂದು ನನ್ನ ಹಟ, ಅದನ್ನು ತಾನೇ ಹಾಕಬೇಕೆಂದು ಅವಳ ಹಟ. ಒಂದೇ ಎಳೆ ಚುಕ್ಕಿಗಳನ್ನೆಲ್ಲ ಸುತ್ತಿ ಹೊರಟಲ್ಲಿಗೇ ಬಂದು ಸೇರುವ ರಂಗೋಲಿ ಅದು. ನೆಲಕ್ಕೆ ಕೂತು ಹಾಕಿ ತೋರಿಸುವಂತಿಲ್ಲ; ಹಿಂದೆ ಹಾಕಿದ್ದರ ಫೋಟೊ ಕಳಿಸಿದೆ. “ಅವ್ವಾ, ಇದರಾಗ ಸುರುವಾತ್ ಎಲ್ಲಿ, ಮುಗಿಯೋದು ಎಲ್ಲಿ, ಏನೂ ತಿಳಿವಲ್ದರಿ,” ಎಂದಳು. ಕೊನೆಗೆ ಅವಳೇ ಒಂದು ಆ್ಯಪ್ ಹುಡುಕಿದಳು. ಬೆರಳಿನಿಂದ ಎಳೆದ ಗೆರೆಯನ್ನು ಎಳೆದ ಕ್ರಮದಲ್ಲೇ, ಎಳೆದ ವೇಗದಲ್ಲೇ ಮತ್ತೆ ತೋರಿಸುತ್ತದಂತೆ.

ನಾನು ಸರಾಗವಾಗಿ ಕೈಯಾಡಿಸಿದೆ. ಒಂದು ಗೆರೆಯೂ ಬೀಳಲಿಲ್ಲ. ಫೋನು ಕೆಟ್ಟಿದೆ ಎಂದು ಗಂಡನನ್ನು ಕರೆದೆ. ಅವರು ಕನ್ನಡಕ ಏರಿಸಿ ನೋಡಿದರು. “ಮುಟ್ಟಬೇಕಲ್ಲ ಮತ್ತ? ನೀ ಗಾಳ್ಯಾಗ ಹಾಕ್ಲಿಕ್ಹತ್ತಿ.”

ನಿಜವೇ. ರಂಗೋಲಿಯ ಕೈ ನೆಲಕ್ಕೆ ತಾಗುವುದಿಲ್ಲ; ಎರಡು ಬೆರಳ ನಡುವಿನಿಂದ ಪುಡಿ ಉದುರುತ್ತದೆ, ಕೈ ಅಂಗುಲದಷ್ಟು ಮೇಲೆಯೇ ಸಾಗುತ್ತದೆ. ತಾಗಿಸಿದರೆ ತಾಯಿ ಮೊಣಕೈಗೆ ಒಂದು ಬಿಗಿಯುತ್ತಿದ್ದಳು. ದೇಶದ ಪೂರ್ವದ ಕಡೆ ಅಕ್ಕಿಹಿಟ್ಟಿನ ನೀರಿನಲ್ಲಿ ಬೆರಳದ್ದಿ ನೆಲ ಸವರಿಯೇ ಬರೆಯುತ್ತಾರಂತೆ. ಆ್ಯಪ್ ಮಾಡಿದವರು ಆ ಕಡೆಯವರೇ ಇರಬೇಕೆಂದು ಬೈದುಕೊಂಡೆ.

ಬೈದರೇನು, ಬಿಡುವವಳಲ್ಲ. ಮೂರು ದಿನ ಕೂತೆ. ಬೆರಳು ತಾಗಿಸಿದರೆ ಅಂಗೈಯೂ ತಾಗಿ ಬೇಡದ ಗೆರೆ ಬೀಳುತ್ತಿತ್ತು. ಅಭ್ಯಾಸಬಲದಿಂದ ಕೈ ಮೇಲೆದ್ದರೆ ಎಳೆ ತುಂಡಾಗುತ್ತಿತ್ತು, ಮತ್ತೆ ಮೊದಲಿನಿಂದ. “ಪೇಟ್ಯಾಗ ರಂಗೋಲಿ ಸ್ಟಿಕರ್ ಸಿಗ್ತಾವ,” ಎಂದ ಗಂಡನ ಜೊತೆ ಸಂಜೆಯವರೆಗೆ ಮಾತು ಬಿಟ್ಟೆ. ಶನಿವಾರ ಮಧ್ಯಾಹ್ನ ಎಳೆ ಎಲ್ಲ ಚುಕ್ಕಿಗಳನ್ನೂ ಸುತ್ತಿ ತನ್ನ ಬುಡಕ್ಕೆ ಬಂದು ಕೂಡಿತು. ನನಗೆ ಅಳುವೇ ಬಂತು; ಕೂಡಲೇ ಮಗಳಿಗೆ ಕಳಿಸಿದೆ.

ಸೋಮವಾರ ಬೆಳಿಗ್ಗೆ ರೇಣುಕಾ ವಿಡಿಯೊ ಕರೆ ಮಾಡಿ ಹೊಸಿಲು ತೋರಿಸಿದಳು. ಅಲ್ಲಲ್ಲಿ ಗೆರೆ ದಪ್ಪವಾಗಿತ್ತು, ಆದರೆ ಎಲ್ಲೂ ಹರಿದಿರಲಿಲ್ಲ.

“ಬರೋಬರ್ ಬಂತ್ರಿ ಅವ್ವಾ. ಏಳನೇ ಚುಕ್ಕಿ ಹತ್ರ ನೀವು ಸ್ವಲ್ಪ ಹೊತ್ತು ನಿಂತೀರಿ ನೋಡ್ರಿ, ನಾನೂ ಅಷ್ಟೇ ಹೊತ್ತು ನಿಂತು ಮುಂದ ಹೋದೆ. ಅಲ್ಲಿ ಮನಸ್ಸಿನ್ಯಾಗ ಏನರ ಅನ್ಕೋಬೇಕೇನ್ರಿ?”

ನಾನು ಅಲ್ಲಿ ನಿಂತದ್ದು ಮುಂದಿನ ತಿರುವು ಮರೆತು. ಹಾಗೆಂದು ಹೇಳಲು ಬಾಯಿ ತೆರೆದವಳಿಗೆ ತಾಯಿಯ ಕೈ ನೆನಪಾಯಿತು. ಅದೂ ಅದೇ ಚುಕ್ಕಿಯ ಮೇಲೆ ತುಸು ಹೊತ್ತು ನಿಲ್ಲುತ್ತಿತ್ತು. ಅವಳು ದೇವರನ್ನು ನೆನೆಯುತ್ತಿದ್ದಾಳೆಂದು ತಿಳಿದು ಪಕ್ಕದಲ್ಲಿ ನಾನು ಕೈಮುಗಿದು ಕೂರುತ್ತಿದ್ದೆ.

“ಹೌದವಾ,” ಎಂದೆ, “ಅಲ್ಲಿ ಸ್ವಲ್ಪ ನಿಂದರಬೇಕು.”